ಹೊಗೆಗೂಡಿನೊಳಗೊಂದು ಕೊಳವೆ

ಅಳಿಯ: ಅತ್ತೆ, ಹೋಟೆಲಿನ ಒಲೆ ಕೂರಿಸುವುದಕ್ಕೆ ಮೇಸ್ತ್ರಿ ನಾಳೆ ಬೆಳಿಗ್ಗೆ ಬರುತ್ತಾನೆ. ಗೋಡೆಗೆ ಒಂದು ತೂತು ಹೊಡೆದು, ಒಲೆಯ ಪೈಪನ್ನು ಹೊಗೆಗೂಡಿನೊಳಗೆ ತೂರಿಸಿ, ಸುತ್ತ ಸಿಮೆಂಟು ಮೆತ್ತಿದರೆ ಮುಗಿಯಿತಂತೆ. ಅರ್ಧ ದಿನದ ಕೆಲಸ ಎಂದಿದ್ದಾನೆ. ನೀವು ಒಮ್ಮೆ ನೋಡಿ ಹೂಂ ಅಂದರೆ ಸಾಕು.

ಅತ್ತೆ: ಹೂಂ ಅನ್ನಿಸುವುದಕ್ಕೆ ನಂಗನಲ್ಲೂರಿನಿಂದ ಇಲ್ಲಿವರೆಗೆ ಕರೆಸಿದೆಯಾ? ಟಾರ್ಚ್ ಕೊಡು. ಮೊದಲು ಇದನ್ನು ಹೇಳು, ಈ ಹೊಗೆಗೂಡನ್ನು ಯಾವ ಒಲೆಗೆ ಕಟ್ಟಿದ್ದರು? ಮನೆ ಮಾಲೀಕರನ್ನು ಕೇಳಿದೆಯಾ?

ಅಳಿಯ: ಹಿಂದೆ ಇಲ್ಲಿ ಸಾಲಾಗಿ ಮಣ್ಣಿನ ಒಲೆಗಳಿದ್ದವಂತೆ. ಮೇಲೆ ಇಟ್ಟಿಗೆಯ ಕಮಾನು, ಅದರ ನೆತ್ತಿಯಿಂದ ಈ ಗೂಡು. ಒಳಗೆ ಹದಿನಾಲ್ಕು ಇಂಚು ಚೌಕ ಉಂಟು, ಟೇಪ್ ಹಿಡಿದು ನೋಡಿದೆ. ಎತ್ತರ ಇಪ್ಪತ್ತು ಅಡಿ. ಇಷ್ಟು ದೊಡ್ಡ ದಾರಿ ಇರುವಾಗ ನನ್ನ ಆರಿಂಚಿನ ಪೈಪಿನ ಹೊಗೆ ಹೋಗಲಾರದೇ?

ಅತ್ತೆ: ದಾರಿ ದೊಡ್ಡದಾಯಿತು, ತೊಂದರೆ ಅದೇ. ತೆರೆದ ಒಲೆ ಅಂದರೆ ಹೊಗೆ ಮಾತ್ರ ಅಲ್ಲ ಮಾರಾಯ, ಕೋಣೆಯ ಗಾಳಿಯೂ ರಾಶಿ ರಾಶಿಯಾಗಿ ಅದರ ಜೊತೆ ಮೇಲಕ್ಕೆ ಹೋಗುತ್ತದೆ. ಅಷ್ಟನ್ನೂ ನುಂಗಬೇಕೆಂದು ಆಗಿನವರು ಈ ಬಾಯಿ ಇಟ್ಟರು. ನೀನು ತಂದಿರುವುದು ಮುಚ್ಚಿದ ಕಬ್ಬಿಣದ ಒಲೆ. ಬೇಕಾದಷ್ಟೇ ಗಾಳಿ ಎಳೆದುಕೊಂಡು, ಕಡಿಮೆ ಹೊಗೆಯನ್ನು ಆರಿಂಚಿನ ಬಾಯಲ್ಲಿ ಬಿಡುತ್ತದೆ. ಹದಿನಾಲ್ಕು ಇಂಚಿನ ಚೌಕ ವಿಸ್ತೀರ್ಣದಲ್ಲಿ ಅದರ ಏಳು ಪಾಲು. ಅಷ್ಟೇ ಹೊಗೆ ಅಲ್ಲಿಗೆ ಬಂದರೆ ವೇಗ ಏಳರಲ್ಲಿ ಒಂದಾಗುತ್ತದೆ. ನಿಧಾನ ಹೋಗುತ್ತಾ ಹೋಗುತ್ತಾ ಇಟ್ಟಿಗೆಗೆಲ್ಲ ಬಿಸಿ ಹಂಚಿ, ನೆತ್ತಿ ಮುಟ್ಟುವಷ್ಟರಲ್ಲಿ ತಣ್ಣಗಾಗಿರುತ್ತದೆ. ಅಮೆರಿಕದವರ ಎನ್‌ಎಫ್‌ಪಿಎ 211 ಎಂಬ ನಿಯಮಾವಳಿಯಲ್ಲಿ ಇದಕ್ಕೆ ಲೆಕ್ಕವೇ ಉಂಟು. ಒಲೆಯ ಬಾಯಿಯ ವಿಸ್ತೀರ್ಣದ ಮೂರು ಪಾಲಿಗಿಂತ ಗೂಡಿನದು ಹೆಚ್ಚಿರಬಾರದು. ಗೂಡಿನ ಗೋಡೆ ಹೊರಗಿನ ಗಾಳಿಗೆ ತೆರೆದಿದ್ದರೆ ಎರಡೇ ಪಾಲು. ನಿನ್ನದು ಏಳು.

ಅಳಿಯ: ತಣ್ಣಗಾದರೆ ಏನು? ಹೊಗೆ ಹೇಗೂ ಮೇಲಕ್ಕೇ ಹೋಗುವುದಲ್ಲವಾ?

ಅತ್ತೆ: ಎಲ್ಲರೂ ಹಾಗೇ ತಿಳಿದಿರುತ್ತಾರೆ. ಹೊಗೆಗೆ ಮೇಲಕ್ಕೆ ಹೋಗಬೇಕೆಂಬ ಹಟ ಏನೂ ಇಲ್ಲ. ಹೊರಗಿನ ಗಾಳಿಗಿಂತ ಹಗುರ ಇದ್ದಷ್ಟು ಹೊತ್ತು ಏರುತ್ತದೆ, ಹಗುರ ಇರುವುದು ಬಿಸಿ ಇದ್ದಷ್ಟು ಹೊತ್ತು. ಹೊರಗೆ ಭಾರದ ಗಾಳಿಯ ಕಂಬ, ಒಳಗೆ ಹಗುರ ಗಾಳಿಯ ಕಂಬ, ಎರಡರ ತೂಕದ ವ್ಯತ್ಯಾಸವೇ ಎಳೆತ. ಪೆನ್ಸಿಲ್ ಇದ್ದರೆ ಕೊಡು, ಬರೆದೇ ತೋರಿಸುತ್ತೇನೆ. ಇಪ್ಪತ್ತು ಅಡಿ ಅಂದರೆ ಆರು ಮೀಟರ್ ಇಟ್ಟುಕೊ. ಮದರಾಸಿನ ಮಧ್ಯಾಹ್ನ ಹೊರಗೆ 35 ಡಿಗ್ರಿ. ಗೂಡಿನೊಳಗಿನ ಹೊಗೆ ಸರಾಸರಿ 200 ಡಿಗ್ರಿ ಇದ್ದರೆ ಎಳೆತ ಸುಮಾರು 23 ಪಾಸ್ಕಲ್. ಹತ್ತು ಪಾಸ್ಕಲ್ ಅಂದರೆ ಒಂದು ಮಿಲಿಮೀಟರ್ ನೀರು ನಿಂತಷ್ಟು ಒತ್ತಡ, ಅಷ್ಟು ಸಣ್ಣ ಬಲದಲ್ಲಿ ನಡೆಯುವ ಯಂತ್ರ ಇದು. ಈಗ ಅದೇ ಹೊಗೆ ನಿನ್ನ ದೊಡ್ಡ ಗೂಡಿನಲ್ಲಿ ಸರಾಸರಿ 80 ಡಿಗ್ರಿಗೆ ಇಳಿಯಿತು ಅನ್ನು. ಎಳೆತ ಒಂಬತ್ತು ಪಾಸ್ಕಲ್ ಕೂಡ ಇಲ್ಲ. ಯುರೋಪಿನಲ್ಲಿ ಇಂಥ ಮುಚ್ಚಿದ ಒಲೆಗಳನ್ನು ಪರೀಕ್ಷೆ ಮಾಡುವುದು 12 ಪಾಸ್ಕಲ್ ಎಳೆತ ಇಟ್ಟುಕೊಂಡು.

ಅಳಿಯ: ಹಾಗಾದರೆ ಅವರ ಊರಿನಲ್ಲೂ ಹಳೇ ದೊಡ್ಡ ಗೂಡಿಗೆ ಸೇರಿಸಿದರೆ ಹೀಗೇ ಆಗಬೇಕಲ್ಲ?

ಅತ್ತೆ: ಆಗುತ್ತದೆ, ಆದರೆ ಅಲ್ಲಿ ಚಳಿಗಾಲದಲ್ಲಿ ಹೊರಗೆ ಸೊನ್ನೆ ಡಿಗ್ರಿ. ಹೊಗೆ 80ಕ್ಕೆ ಇಳಿದರೂ 17 ಪಾಸ್ಕಲ್ ಸಿಗುತ್ತದೆ, ಚಳಿ ಅವರನ್ನು ಕಾಪಾಡುತ್ತದೆ. ಇಲ್ಲಿ ಹೊರಗಿನ ಗಾಳಿಯೇ ಬಿಸಿಯಾಗಿ ಹಗುರಾಗಿರುವಾಗ ಹೊಗೆಗೆ ಉಳಿದಿರುವ ಆಸರೆ ತನ್ನ ಬಿಸಿ ಒಂದೇ. ಅದನ್ನು ಇಟ್ಟಿಗೆಗೆ ಕೊಟ್ಟು ಕಳೆದುಕೊಳ್ಳುವ ಹಾಗಿಲ್ಲ. ಗೂಡಿನೊಳಗೆ ಇನ್ನೊಂದು ಕೊಳವೆ ಇಳಿಸುವುದು ಚಳಿದೇಶದವರ ಶೋಕಿ ಅಂತ ನಿನ್ನ ಮೇಸ್ತ್ರಿ ಹೇಳಬಹುದು. ನಾನು ಹೇಳುವುದು ತಿರುಗಾ ಮುರುಗಾ. ಅವರಿಗಿಂತ ನಮಗೇ ಅದು ಹೆಚ್ಚು ಬೇಕು.

ಅಳಿಯ: ನನ್ನ ಅಜ್ಜ ತಿರುವಲ್ಲಿಕ್ಕೇಣಿಯ ಮೆಸ್ಸಿನಲ್ಲಿ ಸೌದೆ ಒಲೆಯ ಮುಂದೆಯೇ ಜೀವನ ಕಳೆದರಲ್ಲ, ಅವರಿಗೆ ಯಾವ ಪಾಸ್ಕಲ್ ಗೊತ್ತಿತ್ತು?

ಅತ್ತೆ: ನಿನ್ನ ಅಜ್ಜ ಅಂದರೆ ನನ್ನ ಅಪ್ಪ. ಅವರ ಕಣ್ಣು ಸದಾ ಕೆಂಪಾಗಿದ್ದದ್ದು, ಕೆಮ್ಮು ಕೊನೆವರೆಗೂ ಬಿಡದಿದ್ದದ್ದು ನನಗೆ ಗೊತ್ತುಂಟು. ಆಗಿನ ಹೋಟೆಲುಗಳ ಕತೆ ಹೇಳುವಾಗ ಗಲ್ಲಾದ ಕತೆ ಹೇಳುತ್ತಾರೆ, ಅಡುಗೆಮನೆಯ ಕತೆ ಹೇಳುವುದಿಲ್ಲ. ಕಡಂದಲೆಯಿಂದ ಬಂದ ಕೃಷ್ಣರಾಯರು 1938ರಲ್ಲಿ ಇದೇ ರಾಯಪೇಟೆಯಲ್ಲಿ ಬಾಡಿಗೆ ಬಂಗಲೆಯೊಂದರಲ್ಲಿ ವುಡ್‌ಲ್ಯಾಂಡ್ಸ್ ಶುರು ಮಾಡಿದರು. ಅವರೂ ಅಡುಗೆಮನೆಯಲ್ಲಿ ಚಾಕರಿ ಮಾಡಿ ಮೇಲೆ ಬಂದವರೇ. ಆ ತಲೆಮಾರಿನವರಿಗೆಲ್ಲ ಹೊಗೆ ಅಂದರೆ ಸಂಬಳದ ಜೊತೆ ಬರುವ ಇನ್ನೊಂದು ಬಾಬ್ತು.

ಅಳಿಯ: ಯಾರೂ ಅದರ ಬಗ್ಗೆ ಯೋಚನೆ ಮಾಡಲಿಲ್ಲವಾ?

ಅತ್ತೆ: ಮಾಡಿದರು. ಹೈದರಾಬಾದಿನ ಇಂಜಿನಿಯರಿಂಗ್ ರಿಸರ್ಚ್ ಲ್ಯಾಬೊರೇಟರಿಯಲ್ಲಿ ಎಸ್.ಪಿ. ರಾಜು ಎಂಬವರು ಬಡವರ ಅಡುಗೆಮನೆಗೆ ಹೊಗೆಯಿಲ್ಲದ ಮಣ್ಣಿನ ಒಲೆ ಮಾಡಿದರು. ಹೇಗೆ ಕಟ್ಟಬೇಕು ಅಂತ ಅವರು ಬರೆದ ಪುಸ್ತಕ 1953ರಲ್ಲಿ ಅಚ್ಚಾದದ್ದು ಇದೇ ಊರಿನ ಕ್ರಿಶ್ಚಿಯನ್ ಲಿಟರೇಚರ್ ಸೊಸೈಟಿಯಿಂದ. ಆಮೇಲೆ ನಮ್ಮ ಬೆಂಗಳೂರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಅಸ್ತ್ರ ಎಂಬ ಗುಂಪು ಕಟ್ಟಿದರು. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಅವರ ಕೇಂದ್ರ. 80ರ ದಶಕದಲ್ಲಿ ಅಸ್ತ್ರ ಒಲೆ ಬಂತು. ಬೆಂಕಿಗೆ ಮುಚ್ಚಿದ ಪೆಟ್ಟಿಗೆ, ಕೆಳಗೆ ಜಾಲರಿ, ಸಾಲಾಗಿ ಮೂರು ಪಾತ್ರೆ, ಕೊನೆಗೆ ಹೊಗೆಕೊಳವೆ. ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಅದನ್ನು ಹಾಕಿಸಿದರು. ನಾನು ನೋಡಿದ ಒಲೆಗಳಲ್ಲಿ ಮೊದಲು ಸಾಯುತ್ತಿದ್ದದ್ದು ಒಲೆಯಲ್ಲ, ಕೊಳವೆ. ಅಗ್ಗ ಅಂತ ಆಸ್ಬೆಸ್ಟಸ್ ಸಿಮೆಂಟಿನ ಪೈಪು ಹಾಕುತ್ತಿದ್ದರು. ಒಳಗೆ ಮಸಿ ಕಟ್ಟಿಕೊಳ್ಳುತ್ತದೆ, ತೆಗೆಯುವುದಕ್ಕೆ ಬಾಗಿಲಿಲ್ಲ, ಹೆಂಗಸರು ಮಾಡಿನ ಮೇಲೆ ಹತ್ತಿ ಕಸಬರಿಕೆ ತೂರಿಸಬೇಕು. ಯಾರು ಹತ್ತುತ್ತಾರೆ? ಒಂದು ಮಳೆಗಾಲ ಕಳೆದ ಮೇಲೆ ಕೊಳವೆ ಕಿತ್ತು ಹಾಕಿ ಹಳೇ ಒಲೆಗೇ ಹೋಗುತ್ತಿದ್ದರು.

ಅಳಿಯ: ಮೇಸ್ತ್ರಿಯೂ ಅದನ್ನೇ ಹೇಳಿದ. ಕೊಳವೆ ಬೇಕೇ ಬೇಕೆಂದರೆ ಆ ಆಸ್ಬೆಸ್ಟಸ್ ಸಿಮೆಂಟಿನ ಎಸಿ ಪೈಪು ಇಳಿಸೋಣ, ಇಲ್ಲವಾದರೆ ಡ್ರೈನೇಜಿಗೆ ಹಾಕುವ ಹೊಳಪಿನ ಮಣ್ಣಿನ ಪೈಪು ಉಂಟಲ್ಲ, ಅದು.

ಅತ್ತೆ: ಎರಡೂ ಬೇಡ. ಎಸಿ ಪೈಪು ಜೋರು ಬಿಸಿಗೆ ಸೀಳುತ್ತದೆ, ಒಡೆದರೆ ನಾರು ಗಾಳಿಗೆ ಬರುತ್ತದೆ, ಅದು ಶ್ವಾಸಕೋಶಕ್ಕೆ ಏನು ಮಾಡುತ್ತದೆ ಅಂತ ಹೇಳಬೇಕಾಗಿಲ್ಲ. ಡ್ರೈನೇಜ್ ಪೈಪನ್ನು ಸುಟ್ಟದ್ದು ನೀರು ಹರಿಯಲಿ ಅಂತ. ಒಂದು ಕಡೆ ಬೆಂಕಿ, ಒಂದು ಕಡೆ ತಂಪು ಇದ್ದರೆ ಟಣ್ ಅಂತ ಬಿರುಕು ಬಿಡುತ್ತದೆ. ಬೆಂಕಿಗೆಂದೇ ಸುಟ್ಟ ಮಣ್ಣಿನ ಲೈನರುಗಳನ್ನು ಹೊಸ ಗೂಡು ಕಟ್ಟುವಾಗ ಇಟ್ಟಿಗೆಯ ಜೊತೆ ಜೊತೆಗೇ ಏರಿಸುತ್ತಾ ಹೋಗಬಹುದು. ಕಟ್ಟಿ ಮುಗಿದ ಗೂಡಿನೊಳಗೆ ಮೇಲಿನಿಂದ ಇಳಿಸಿ ಒಂದರ ಮೇಲೊಂದು ನೆಟ್ಟಗೆ ಕೂರಿಸುವುದು ಬಹಳ ಕಷ್ಟದ ಮಾತು. ಸತು ಲೇಪಿಸಿದ ಜಿಐ ಪೈಪೂ ಬೇಡ. ಸತು 420 ಡಿಗ್ರಿಯ ಹತ್ತಿರ ಕರಗುತ್ತದೆ, ಒಲೆಯ ಬಾಯಲ್ಲಿ ಅಷ್ಟು ಬಿಸಿ ದೊಡ್ಡ ಮಾತಲ್ಲ. ನಿನಗೆ ಬೇಕಾದದ್ದು ಸ್ಟೇನ್‌ಲೆಸ್ ಸ್ಟೀಲಿನ ಆರಿಂಚು ಕೊಳವೆ.

ಅಳಿಯ: ಪ್ಯಾರೀಸ್ ಕಾರ್ನರಿನ ಅಂಗಡಿಗಳಲ್ಲಿ ವಿಚಾರಿಸಿದೆ. 304 ಅಂತ ಒಂದು, 316 ಅಂತ ಒಂದು. ಎರಡನೆಯದಕ್ಕೆ ರೇಟು ಕೇಳಿ ಸುಮ್ಮನೆ ಬಂದೆ.

ಅತ್ತೆ: 316 ತಗೋ. ಇಲ್ಲಿಂದ ಮರೀನಾ ಎಷ್ಟು ದೂರ? ಸಾಯಂಕಾಲ ಸಮುದ್ರದ ಗಾಳಿ ಬೀಸುವಾಗ ಉಪ್ಪೂ ಜೊತೆಗೆ ಬರುತ್ತದೆ. ಒಳಗಿನಿಂದ ಸೌದೆ ಹೊಗೆಯ ಹುಳಿ, ಹೊರಗಿನಿಂದ ಉಪ್ಪು. 304ರಲ್ಲಿ ಸೂಜಿ ಚುಚ್ಚಿದ ಹಾಗೆ ತೂತು ಬೀಳುತ್ತದೆ, ಅದೂ ಕೆಳಗಿನಿಂದ ಕಾಣದ ಜಾಗದಲ್ಲಿ. 316ರಲ್ಲಿರುವ ಮಾಲಿಬ್ಡಿನಮ್ ಅದನ್ನು ತಡೆದುಕೊಳ್ಳುತ್ತದೆ. ಕಪಾಟಿನ ಹಿಡಿಕೆಯಲ್ಲಿ ಉಳಿತಾಯ ಮಾಡು, ಇದರಲ್ಲಿ ಬೇಡ.

ಅಳಿಯ: ಇಟ್ಟಿಗೆ ಇಷ್ಟು ದಪ್ಪ ಇರುವಾಗ ಒಳಗಿನ ಕೊಳವೆ ಎಳೆತಕ್ಕೆ ಮಾತ್ರ ತಾನೆ? ಬೆಂಕಿಯ ಭಯ ಏನೂ ಇಲ್ಲವಲ್ಲ?

ಅತ್ತೆ: ಮೇಲೆ ನೋಡು. ಮಾಡು ಯಾವುದು?

ಅಳಿಯ: ಮದ್ರಾಸ್ ಟೆರೇಸ್. ಅದನ್ನು ನೋಡಿಯೇ ಮನೆ ಹಿಡಿದದ್ದು ನಾನು.

ಅತ್ತೆ: ಎಲ್ಲರಿಗೂ ಅದು ಫೋಟೊಗೆ ಚೆಂದ. ಹತ್ತಿರ ಹತ್ತಿರ ತೇಗದ ಜಂತೆ, ಅವುಗಳ ಮೇಲೆ ಸಣ್ಣ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಗಾರೆಯಲ್ಲಿ ಕೂರಿಸಿದ್ದಾರೆ, ಮೇಲೆ ಸುಣ್ಣದ ಜಲ್ಲಿ. ಈಗ ಗೂಡಿನ ಪಕ್ಕದ ಜಂತೆಗಳ ತುದಿ ಎಲ್ಲಿ ಹೋಗಿದೆ ನೋಡು. ಗೂಡಿನ ಗೋಡೆಯೊಳಗೇ. ಕಟ್ಟಿದವನಿಗೆ ಗೋಡೆ ಸಿಕ್ಕಿತು, ಜಂತೆ ಕೂರಿಸಿದ. ತೆರೆದ ಒಲೆಯ ಹೊಗೆ ಗಾಳಿ ಬೆರೆತು ಅಷ್ಟೊಂದು ಸುಡುತ್ತಿರಲಿಲ್ಲ, ನಡೆಯಿತು. ಮುಚ್ಚಿದ ಒಲೆಯ ಹೊಗೆ ಹಾಗಲ್ಲ. ಮರಕ್ಕೆ ಬೆಂಕಿ ತಾಗಲೇಬೇಕೆಂದಿಲ್ಲ. ವರ್ಷಗಟ್ಟಲೆ ನೂರು ಡಿಗ್ರಿಯ ಆಸುಪಾಸಿನಲ್ಲಿ ಕಾಯುತ್ತಿದ್ದರೆ ಒಳಗೊಳಗೇ ಇದ್ದಿಲಾಗುತ್ತಾ ಬರುತ್ತದೆ, ಇದ್ದಿಲಾದದ್ದು ಬೇಗ ಹೊತ್ತಿಕೊಳ್ಳುತ್ತದೆ. ಆ ಎನ್‌ಎಫ್‌ಪಿಎ ನಿಯಮದಲ್ಲಿ ಮನೆಯೊಳಗಿನ ಇಟ್ಟಿಗೆ ಗೂಡಿಗೂ ಮರಕ್ಕೂ ನಡುವೆ ಎರಡಿಂಚು ಖಾಲಿ ಜಾಗ ಇರಬೇಕು. ಅಮೆರಿಕ ಯಾಕೆ, ನಮ್ಮ ಐಎಸ್ 1645 ಬಂದದ್ದು 1960ರಲ್ಲಿ. ಹೊಗೆಗೂಡು, ಹೊಗೆಕೊಳವೆ, ಒಲೆ ಇವುಗಳ ಅಗ್ನಿಸುರಕ್ಷತೆಗೆಂದೇ ಬರೆದದ್ದು. ನಾನು ಕೆಲಸ ಮಾಡಿದ ಸೈಟುಗಳಲ್ಲಿ ಅದನ್ನು ತೆರೆದು ನೋಡಿದ ಒಬ್ಬರೂ ಸಿಗಲಿಲ್ಲ.

ಅಳಿಯ: ಜಂತೆ ಕತ್ತರಿಸಬೇಕಾ ಹಾಗಾದರೆ?

ಅತ್ತೆ: ಕೈ ಹಚ್ಚಬೇಡ, ಮಾಡು ಕೆಳಗೆ ಬರುತ್ತದೆ. ಅದಕ್ಕೇ ಕೊಳವೆಗೆ ಹೊದಿಕೆ ಬೇಕೆನ್ನುವುದು. ಕೊಳವೆಯ ಸುತ್ತ ಒಂದಿಂಚು ದಪ್ಪದ ಸೆರಾಮಿಕ್ ವುಲ್ ಸುತ್ತಿ, ಮೇಲೆ ಸ್ಟೀಲ್ ಬಲೆ ಬಿಗಿದು ಇಳಿಸು. ಬಿಸಿ ಕೊಳವೆಯೊಳಗೇ ಉಳಿಯುತ್ತದೆ, ಎಳೆತಕ್ಕೂ ಒಳ್ಳೆಯದು, ಜಂತೆಗೂ ಒಳ್ಳೆಯದು, ಮೇ ತಿಂಗಳಿನಲ್ಲಿ ಇಲ್ಲಿ ನಿಂತು ಬೇಯಿಸುವವನಿಗೂ ಒಳ್ಳೆಯದು. ಚಳಿದೇಶದಲ್ಲಿ ಗೂಡಿನ ಇಟ್ಟಿಗೆ ಕಾದರೆ ಮನೆ ಬೆಚ್ಚಗಾಯಿತು ಅಂತ ಖುಷಿಪಡುತ್ತಾರೆ. ಇಲ್ಲಿ ಅದು ಯಾರಿಗೆ ಬೇಕು? ಸುತ್ತುವಾಗ ಮಾತ್ರ ಹುಡುಗರಿಗೆ ಮಾಸ್ಕ್ ಕೊಡು, ಆ ನಾರು ಗಂಟಲಿಗೆ ಕಚ್ಚುತ್ತದೆ.

ಅಳಿಯ: ಕೊಳವೆಗೂ ಇಟ್ಟಿಗೆಗೂ ನಡುವೆ ಇಷ್ಟು ಜಾಗ ಉಳಿಯುತ್ತದಲ್ಲ, ಅದನ್ನು ವರ್ಮಿಕ್ಯುಲೈಟ್ ಸುರಿದು ತುಂಬಿಸಿದರೆ? ಎಲ್ಲೋ ಓದಿದೆ.

ಅತ್ತೆ: ತುಂಬಿಸುತ್ತಾರೆ. ಹತ್ತು ಪಾಲು ವರ್ಮಿಕ್ಯುಲೈಟಿಗೆ ಒಂದು ಪಾಲು ಸಿಮೆಂಟು, ಒದ್ದೆ ಆಗುವಷ್ಟು ಮಾತ್ರ ನೀರು. ಸಾಮಾನಿಗೆ ದೂರ ಹೋಗಬೇಕಿಲ್ಲ, ತಮಿಳುನಾಡಿನ ಸೇವತ್ತೂರಿನಲ್ಲೇ ಸರ್ಕಾರಿ ಕಂಪನಿ ಟಾಮಿನ್ ಅದನ್ನು ಅಗೆಯುತ್ತದೆ. ಆದರೆ ಇಲ್ಲಿ ನನಗೆ ಮನಸ್ಸಿಲ್ಲ. ಅರ್ಧ ಘನ ಮೀಟರಿಗಿಂತ ಹೆಚ್ಚು ಬೇಕು. ಆ ಒದ್ದೆಯನ್ನೆಲ್ಲ ಈ ಹಳೇ ಗಾರೆ ಗೋಡೆ ಕುಡಿಯಬೇಕು. ಒಮ್ಮೆ ಗಟ್ಟಿಯಾದ ಮೇಲೆ ನಾಳೆ ಕೊಳವೆ ಕೆಟ್ಟರೆ ತೆಗೆಯುವುದು ಹೇಗೆ? ಮನೆ ನಿನ್ನದಲ್ಲ. ಬಿಟ್ಟು ಹೋಗುವಾಗ ಕೊಳವೆಯನ್ನು ಎಳೆದು ತೆಗೆದರೆ ಗೂಡು ಇದ್ದ ಹಾಗೇ ಇರಬೇಕು. ವುಲ್ ಸುತ್ತು, ಮೇಲೂ ಕೆಳಗೂ ತಗಡಿನಿಂದ ಮುಚ್ಚು. ನಡುವೆ ಗಾಳಿ ಸುಮ್ಮನೆ ನಿಂತಿರಲಿ.

ಅಳಿಯ: ಕೆಳಗೆ ಸೇರಿಸುವುದು ಹೇಗೆ? ಮೇಸ್ತ್ರಿಯ ತೂತು ಹೇಗೂ ಬೇಕಲ್ಲ.

ಅತ್ತೆ: ತೂತು ಬೇಕು, ಸಿಮೆಂಟು ಬೇಡ. ಕೊಳವೆಯ ಬುಡದಲ್ಲಿ ಟೀ ಹಾಕಿಸು. ಅಡ್ಡ ಬಾಯಿ ಗೋಡೆಯ ತೂತಿನ ಕಡೆಗೆ, ಕೆಳಬಾಯಿಗೆ ಬಿಚ್ಚುವ ಮುಚ್ಚಳ. ಉದುರಿದ ಮಸಿಯೆಲ್ಲ ಅಲ್ಲಿಗೆ ಬೀಳುತ್ತದೆ. ಆ ಮುಚ್ಚಳಕ್ಕೆ ಕೈ ಎಟುಕುವ ಹಾಗೆ ಗೋಡೆಯಲ್ಲಿ ಒಂದು ಕಬ್ಬಿಣದ ಬಾಗಿಲು ಇಡಬೇಕು, ಮರೆತರೆ ಉಂಗ್ರದ ಒಲೆಗಳ ಗತಿಯೇ ನಿನಗೂ. ಒಲೆಯಿಂದ ಗೋಡೆವರೆಗಿನ ಪೈಪು ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು. ಅದು ಅಡ್ಡ ಮಲಗಿರಬಾರದು, ಒಲೆಯಿಂದ ಗೂಡಿನ ಕಡೆಗೆ ಅಡಿಗೆ ಕಾಲಿಂಚಿನಂತೆ ಏರಬೇಕು. ಒಂದು ತುಂಡು ಇನ್ನೊಂದಕ್ಕೆ ಸೇರುವಲ್ಲಿ ಕಿರಿದಾದ ತುದಿ ಒಲೆಯ ಕಡೆಗಿರಲಿ.

ಅಳಿಯ: ಅದು ಉಲ್ಟಾ ಅಲ್ಲವಾ? ಹೊಗೆ ಸಂದಿಯಿಂದ ಹೊರಗೆ ಬಾರದೇ?

ಅತ್ತೆ: ಎಳೆತ ಸರಿಯಿದ್ದರೆ ಸಂದಿಯಿಂದ ಗಾಳಿ ಒಳಗೆ ಹೋಗುತ್ತದೆ, ಹೊಗೆ ಹೊರಗೆ ಬರುವುದಿಲ್ಲ. ಹೊರಗೆ ಬರುವುದು ನೀರು. ಸೌದೆಯ ಹೊಗೆ ಸುಮಾರು 120 ಡಿಗ್ರಿಗಿಂತ ಕೆಳಗಿಳಿದರೆ ಅದರಲ್ಲಿರುವ ಆವಿ, ಎಣ್ಣೆಯಂಥ ಪಸೆ ಎಲ್ಲ ಕೊಳವೆಯ ಒಳಮೈಗೆ ಅಂಟಿ ಕೆಳಗೆ ಜಾರುತ್ತದೆ. ಹಳೇ ಬಚ್ಚಲಮನೆಯ ಮಾಡಿನಿಂದ ತೊಟ್ಟಿಕ್ಕುತ್ತಿತ್ತಲ್ಲ ಕಪ್ಪು ಇಲ್ಲಣ, ಅದೇ. ಕಿರಿದಾದ ತುದಿ ಕೆಳಗಿದ್ದರೆ ಜಾರಿದ್ದು ಒಲೆಯೊಳಗೆ ಬಿದ್ದು ಸುಟ್ಟುಹೋಗುತ್ತದೆ. ಮೇಲಿದ್ದರೆ ಸಂದಿಯಿಂದ ಸೋರಿ ನಿನ್ನ ಸುಣ್ಣದ ಗೋಡೆಯ ಮೇಲೆ. ಇನ್ನೊಂದು, ಕೊಳವೆಯನ್ನು ಮೇಲೂ ಕೆಳಗೂ ಎರಡು ಕಡೆ ಬಿಗಿಯಬೇಡ. ಆರು ಮೀಟರ್ ಸ್ಟೀಲು 400 ಡಿಗ್ರಿ ಕಾದರೆ ನಾಲ್ಕು ಸೆಂಟಿಮೀಟರ್ ಉದ್ದವಾಗುತ್ತದೆ. ಬುಡದಲ್ಲಿ ಕೂರಿಸು, ನೆತ್ತಿಯ ತಗಡಿನಲ್ಲಿ ಜಾರುವುದಕ್ಕೆ ಬಿಡು. ಸಿಮೆಂಟು ಬೇಡ ಎಂದದ್ದು ಇದಕ್ಕೇ. ಕಬ್ಬಿಣ ಹಿಗ್ಗುತ್ತದೆ, ಸಿಮೆಂಟು ಸೀಳುತ್ತದೆ, ಸೀಳಿದಲ್ಲಿ ತಣ್ಣನೆ ಗಾಳಿ ಒಳಗೆ ನುಗ್ಗಿ ಎಳೆತ ಕೆಡುತ್ತದೆ. ಗೋಡೆಯ ತೂತಿಗೆ ಒಂದು ಅಗಲದ ಕಬ್ಬಿಣದ ಬಳೆ ಕೂರಿಸಿ, ಪೈಪಿಗೂ ಬಳೆಗೂ ನಡುವೆ ಸೆರಾಮಿಕ್ ಹಗ್ಗ ತುರುಕು.

ಅಳಿಯ: ಆ ಪಸೆ ಒಣಗಿ ಅಂಟಿಕೊಂಡದ್ದಕ್ಕೆ ಬೆಂಕಿ ಹಿಡಿದರೆ?

ಅತ್ತೆ: ಹಿಡಿದರೆ ಸಾವಿರ ಡಿಗ್ರಿ ದಾಟುತ್ತದೆ, ವಿಮಾನ ಹಾರಿದ ಹಾಗೆ ಸದ್ದು ಬರುತ್ತದಂತೆ. ಒಳ್ಳೆಯ ಲೈನರನ್ನು 1150 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟು ಪರೀಕ್ಷೆ ಮಾಡುವುದೇ ಅದಕ್ಕೆ. ನೀನು ಅಲ್ಲಿವರೆಗೆ ಹೋಗಬೇಡ. ತಿಂಗಳಿಗೊಮ್ಮೆ ಬ್ರಶ್ ಬಿಡು. ಸೌದೆ ಒಣಗಿರಲಿ. ಯಾವುದು ತರುತ್ತೀ?

ಅಳಿಯ: ಸರ್ವೆ. ಇಲ್ಲಿಯವರು ಸವುಕ್ಕು ಅನ್ನುತ್ತಾರಲ್ಲ. ಅದೇ ಸುಲಭಕ್ಕೆ ಸಿಗುವುದು.

ಅತ್ತೆ: ಅದು ಒಳ್ಳೆಯದು. ಬ್ರಿಟಿಷರ ಕಾಲದಲ್ಲಿ ರೈಲು ಎಂಜಿನ್ನಿಗೆ ಸೌದೆ ಸಾಲದೆ ಈ ಕರಾವಳಿಯ ಮರಳಿನಲ್ಲಿ ಸಾಲುಸಾಲಾಗಿ ನೆಟ್ಟರು. ಕಾರವಾರದಲ್ಲಿ ಬೇಲೆಯುದ್ದಕ್ಕೂ ಕಾಣುವುದೂ ಅದೇ ಮರ. ಹಸಿಯಿದ್ದರೂ ಉರಿಯುತ್ತದೆ, ಅದೇ ಅದರ ಗುಣ, ಅದೇ ಅದರ ಮೋಸ. ಹಸಿ ಉರಿಸಬಹುದು ಅಂತ ಹಸಿಯನ್ನೇ ಉರಿಸಿದರೆ ಬಿಸಿಯಲ್ಲಿ ಒಂದಷ್ಟು ನೀರು ಆರಿಸುವುದಕ್ಕೇ ಹೋಗುತ್ತದೆ, ಹೊಗೆ ತಣ್ಣಗಾಗುತ್ತದೆ, ಮತ್ತೆ ಅದೇ ಪಸೆ. ಐಪ್ಪಸಿ, ಕಾರ್ತಿಕೆ ತಿಂಗಳ ಮಳೆ ಶುರುವಾಗುವ ಮೊದಲೇ ಸೀಳಿ ಮಾಡಿನ ಕೆಳಗೆ ಒಟ್ಟಿಕೊ. ಇನ್ನು ಆ ಫ್ಯಾನು.

ಅಳಿಯ: ಯಾವ ಫ್ಯಾನು? ಎಕ್ಸಾಸ್ಟಾ? ಅದು ಗ್ಯಾಸ್ ಒಲೆಯ ಮೇಲಿನ ಹುಡ್ಡಿಗೆ. ಸೌದೆ ಒಲೆ ಈ ಕಡೆ, ಅದು ಆ ಕಡೆ. ಸಂಬಂಧವೇ ಇಲ್ಲ.

ಅತ್ತೆ: ಇವತ್ತು ನಾನು ಹೇಳಿದ್ದೆಲ್ಲ ಮರೆತರೂ ಇದನ್ನು ಮರೆಯಬೇಡ. ಬಿಸಿಯಿದ್ದರೂ ನಿನ್ನ ಗೂಡಿನ ಎಳೆತ ಸುಮಾರು 23 ಪಾಸ್ಕಲ್ ಅಂದೆನಲ್ಲ. ಹೋಟೆಲಿನ ಎಕ್ಸಾಸ್ಟ್ ಫ್ಯಾನು ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದಕ್ಕಿಂತ ಜೋರಾಗಿ ಎಳೆಯುತ್ತದೆ. ಹೊರಗೆ ತಳ್ಳಿದಷ್ಟು ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ತೆರೆದಿರುವ ದಾರಿ ಒಂದೇ, ಹೊಗೆಗೂಡು. ಹೊಗೆ ತಿರುಗಿ ಕೆಳಗೆ ಬರುತ್ತದೆ. ಹೊಗೆ ಬಂದರೆ ಕಣ್ಣುರಿದು ಗೊತ್ತಾಗುತ್ತದೆ, ಹೊರಗೆ ಓಡುತ್ತೀ. ರಾತ್ರಿ ಕೆಂಡ ಮುಚ್ಚಿಟ್ಟು ಹುಡುಗರು ಇಲ್ಲೇ ಚಾಪೆ ಹಾಸಿ ಮಲಗಿದಾಗ ಬರುವುದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಫ್ಯಾನಿನ ಎದುರು ಗೋಡೆಯಲ್ಲಿ ಗಾಳಿ ಬರುವುದಕ್ಕೆ ಮುಚ್ಚಲು ಬಾರದ ಕಿಂಡಿ ಇಡು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಹಾಕು. ಇಲ್ಲಿ ಯಾರನ್ನೂ ಮಲಗಿಸಬೇಡ. ಆ ಹುಡ್ಡಿನ ಪೈಪನ್ನು ಇದೇ ಗೂಡಿಗೆ ಸೇರಿಸಿದರೆ ಖರ್ಚು ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ಅವರನ್ನು ಆ ಬಾಗಿಲಿನಿಂದಲೇ ಕಳಿಸು. ಎಣ್ಣೆ ಜಿಡ್ಡು ಬೇರೆ, ಬೆಂಕಿಕಿಡಿ ಬೇರೆ.

ಅಳಿಯ: ಆಯಿತು. ಮೇಲೆ ನೆತ್ತಿಗೆ ಟೊಪ್ಪಿ ಹಾಕಿದರೆ ಮುಗಿಯಿತಲ್ಲ?

ಅತ್ತೆ: ಟೊಪ್ಪಿ, ಕಾಗೆ ಗೂಡು ಕಟ್ಟದ ಹಾಗೆ ಬಲೆ. ಇಟ್ಟಿಗೆಯಿಂದ ಮೇಲೆ ಚಾಚಿದ ಭಾಗಕ್ಕೆ ತಂತಿ ಕಟ್ಟು. ವರ್ದಾ ಚಂಡಮಾರುತ ನೆನಪಿದೆಯಲ್ಲ, 2016ರ ಡಿಸೆಂಬರ್ 12, ಗಂಟೆಗೆ ನೂರು ಕಿಲೋಮೀಟರ್ ಮೀರಿದ ಗಾಳಿ. ಆದರೆ ನನಗೆ ಚಿಂತೆ ಟೊಪ್ಪಿಯದ್ದಲ್ಲ. ಪಶ್ಚಿಮಕ್ಕೆ ಆ ಫ್ಲ್ಯಾಟು ಯಾವಾಗ ಬಂತು?

ಅಳಿಯ: ನಾಲ್ಕು ಮಹಡಿಯದ್ದಾ? ಅದು ಈಚಿನದ್ದು. ಮೊದಲು ಅಲ್ಲಿಯೂ ಇಂಥದೇ ಮನೆ ಇತ್ತಂತೆ. ಇಪ್ಪತ್ತೈದು ಅಡಿ ದೂರ ಉಂಟು. ಮಾಡಿಗಿಂತ ಮೂರು ಅಡಿ ಮೇಲೆ, ಹತ್ತು ಅಡಿಯೊಳಗಿನ ಯಾವುದಕ್ಕಿಂತಲೂ ಎರಡು ಅಡಿ ಮೇಲೆ ಇದ್ದರೆ ಸಾಕು ಅಂತ ನಾನೂ ಓದಿದ್ದೇನೆ. ನನ್ನ ಗೂಡು ಪಾಸು.

ಅತ್ತೆ: ಕಾಗದದ ಮೇಲೆ ಪಾಸು. ಆ ನಿಯಮ ಗೂಡು ಸರಿಯಾಗಿ ಎಳೆಯಲಿ ಅಂತ ಮಾಡಿದ್ದು, ಹೊಗೆ ಯಾರ ಮನೆಗೆ ಹೋಗುತ್ತದೆ ಅಂತ ಅದು ಕೇಳುವುದಿಲ್ಲ. ಇಲ್ಲಿ ಮಧ್ಯಾಹ್ನ ಸಮುದ್ರದ ಕಡೆಯಿಂದ ಗಾಳಿ. ನಿನ್ನ ಹೊಗೆ ನೇರ ಆ ಎರಡನೇ ಮಹಡಿಯ ಬಾಲ್ಕನಿಗೆ. ನೋಡು, ಅಲ್ಲಿ ಬಿಳಿ ವೇಷ್ಟಿ ಒಣಗಿಸಿದ್ದಾರೆ. ಬಾಲ್ಕನಿಯಲ್ಲಿ ಮಗುವಿನ ತೊಟ್ಟಿಲೂ ಉಂಟು. ಒಳಗಿನವರ ಕಣ್ಣಿನ ಹೊಗೆಯನ್ನು ತೆಗೆದು ಪಕ್ಕದವರ ಕಣ್ಣಿಗೆ ಹಾಕುವುದಕ್ಕೆ ಇಷ್ಟೆಲ್ಲ ಸ್ಟೀಲು ಯಾಕೆ?

ಅಳಿಯ: ಒಣ ಸರ್ವೆ, ಬಿಸಿ ಕೊಳವೆ, ಹೊಗೆ ಕಾಣಿಸುವುದೇ ಇಲ್ಲ ಅಂತ ನೀವೇ ಹೇಳಿದ್ದು.

ಅತ್ತೆ: ಕಡಿಮೆ ಅಂದೆ, ಇಲ್ಲ ಅನ್ನಲಿಲ್ಲ. ಹೊತ್ತಿಸುವಾಗ ಮೊದಲ ಕಾಲು ಗಂಟೆ ಎಲ್ಲ ಒಲೆಯೂ ಹೊಗೆ ಉಗುಳುತ್ತದೆ, ಕೊಳವೆ ಕಾಯುವವರೆಗೆ. ಮೊದಲು ಕೊಳವೆಯ ಬುಡದಲ್ಲಿ ಒಂದು ಹಾಳೆ ಪೇಪರ್ ಉರಿಸಿ ಕೊಳವೆ ಬಿಸಿ ಮಾಡಿಕೊಂಡು, ಸೌದೆಯ ರಾಶಿಯ ಮೇಲಿನಿಂದ ಬೆಂಕಿ ಹಚ್ಚಿದರೆ ಅದೂ ಕಡಿಮೆಯಾಗುತ್ತದೆ. ಪಾತ್ರೆ ಎತ್ತಿದ ಕೂಡಲೇ ಒಲೆಯ ಕಣ್ಣು ಮುಚ್ಚಬೇಕು, ತೆರೆದಿಟ್ಟರೆ ತಣ್ಣನೆ ಗಾಳಿ ನುಗ್ಗಿ ಕೊಳವೆ ಮತ್ತೆ ತಂಪು. ದಿನಕ್ಕೆ ಒಂದೇ ಸಲ ಹೊತ್ತಿಸು, ಆರಿಸಿ ಆರಿಸಿ ಹಚ್ಚಬೇಡ. ನೀನು ಎಷ್ಟು ಗಂಟೆಗೆ ಹೊತ್ತಿಸಬೇಕೆಂದಿದ್ದೀ?

ಅಳಿಯ: ಬೆಳಿಗ್ಗೆ ನಾಲ್ಕೂವರೆ. ಆರೂವರೆಗೆ ದೋಸೆ ಶುರು ಆಗಬೇಕಲ್ಲ.

ಅತ್ತೆ: ಆ ಹೊತ್ತಿಗೆ ಊರೆಲ್ಲ ಕಿಟಕಿ ತೆರೆದು ಮಲಗಿರುತ್ತದೆ. ಗಾಳಿ ಆಡುವುದಿಲ್ಲ, ಹೊಗೆ ಮೇಲೇರದೆ ಬೀದಿಯಲ್ಲೇ ಸುಳಿಯುತ್ತದೆ. ಬೆಳಗಿನ ತಿಂಡಿ ಗ್ಯಾಸಿನಲ್ಲಿ ಮಾಡು. ಸೌದೆ ಒಲೆಯನ್ನು ಒಂಬತ್ತರ ಮೇಲೆ ಹಚ್ಚು, ಅನ್ನ, ಹುಳಿ, ಸಾರು, ಪಾಯಸ. ನಿಧಾನ ಬೇಯುವುದಕ್ಕೆ ಅದು ಹೇಳಿ ಮಾಡಿಸಿದ್ದು. ಹೊತ್ತಿಸುವ ಮೊದಲು ಆ ಎರಡನೇ ಮಹಡಿಗೆ ಹೋಗಿ, ಇಂಥ ಹೊತ್ತಿನಲ್ಲಿ ಒಲೆ ಹಚ್ಚುತ್ತೇವೆ, ತೊಂದರೆಯಾದರೆ ಹೇಳಿ ಅಂತ ತಿಳಿಸಿ ಬಾ. ಕೈಯಲ್ಲಿ ಒಂದು ಡಬ್ಬಿ ಮೈಸೂರುಪಾಕೂ ಇರಲಿ.

ಅಳಿಯ: ದೋಸೆ ಗ್ಯಾಸಿನಲ್ಲಾ? ಅತ್ತೆ, ಜನ ಬರುವುದೇ ಸೌದೆ ಒಲೆಯ ದೋಸೆ ಅಂತ. ಆ ಹೊಗೆಯ ರುಚಿ!

ಅತ್ತೆ: ಯಾವ ಹೊಗೆ? ಇಷ್ಟೊತ್ತು ನಾವು ಕೂತು ಕೊಳವೆಯೊಳಗೆ ಹಾಕಿ ಮೇಲಕ್ಕೆ ಕಳಿಸಿದ ಹೊಗೆಯಾ? ಮುಚ್ಚಿದ ಒಲೆಯ ಮೇಲಿನ ಕಾವಲಿಗೆ ಹೊಗೆ ತಾಗುವುದೇ ಇಲ್ಲ. ಅಪ್ಪನ ದೋಸೆಯ ರುಚಿ ಹೊಗೆಯದ್ದಲ್ಲ. ಆ ಕಾವಲಿ ಹಲಗೆಯಷ್ಟು ದಪ್ಪ ಇತ್ತು, ತಣ್ಣನೆ ಹಿಟ್ಟು ಬಿದ್ದರೂ ಕಾವು ಇಳಿಯುತ್ತಿರಲಿಲ್ಲ, ಕೆಂಡ ಅಡಿಯುದ್ದಕ್ಕೂ ಸಮ ಹರಡಿರುತ್ತಿತ್ತು. ದಪ್ಪ ಕಾವಲಿ ತಂದು ಗ್ಯಾಸಿನಲ್ಲೇ ಹುಯ್ದು ನೋಡು.

ಅಳಿಯ: ಬೋರ್ಡು ಬರೆಸಿ ಆಗಿದೆ. ಅಡ್ವಾನ್ಸೂ ಕೊಟ್ಟಿದ್ದೇನೆ. "ಸೌದೆ ಒಲೆ ದೋಸೆ" ಅಂತ ಮೂರು ಭಾಷೆಯಲ್ಲಿ.

ಅತ್ತೆ: ಬಣ್ಣ ಒಣಗಿದೆಯಾ?

ಅಳಿಯ: ಇನ್ನೂ ಅವನ ಅಂಗಡಿಯಲ್ಲೇ ಉಂಟು.

ಅತ್ತೆ: ಫೋನ್ ಮಾಡು. "ದೋಸೆ" ಅಳಿಸಿ "ಊಟ" ಅಂತ ಬರೆಯಲಿ. ಮೇಸ್ತ್ರಿಗೂ ಈಗಲೇ ಹೇಳಿಬಿಡು, ನಾಳೆ ಬರುವಾಗ ಸಿಮೆಂಟಿನ ಮೂಟೆ ತರುವುದು ಬೇಡ, ಒದ್ದೆ ಹುಲ್ಲು ಒಂದು ಕಂತೆ ತರಲಿ. ಮೊದಲು ಬುಡದಲ್ಲಿ ಹೊಗೆ ಹಾಕಿ, ನೆತ್ತಿಗೆ ಗೋಣಿ ಮುಚ್ಚಿ, ಈ ಗೂಡು ಎಲ್ಲೆಲ್ಲಿ ಸೋರುತ್ತದೆ ಅಂತ ನೋಡೋಣ. ಆಮೇಲೆ ತೂತು.